ಒಂದೇ ಹೆಸರು ಓದಿದ ಯಂತ್ರ

ಮಂಗಳವಾರ ಬೆಳಿಗ್ಗೆ 11:20ಕ್ಕೆ ಠಾಣೆಗೆ ಬಂದ ದೂರು ನೇರವಾಗಿತ್ತು: ಒಗ್ಗದ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಯ ನರ್ಸ್ ನನ್ನ ತಂದೆಯನ್ನು ಕೊಂದಳು. ಎಫ್‌ಐಆರ್ ಆಯಿತು. ನರ್ಸನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು.

"ಅವರಿಗೆ ಆ ಔಷಧಿ ಒಗ್ಗಲ್ಲ ಅಂತ ಗೊತ್ತಿರಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಒಗ್ಗದವರ ಪಟ್ಟಿ ಔಷಧಿ ಯಂತ್ರದಲ್ಲಿರುತ್ತೆ ಮೇಡಂ. ಹೆಸರಿದ್ರೆ ಪೆಟ್ಟಿಗೆ ತೆರೆಯೋದೇ ಇಲ್ಲ. ಇವತ್ತು ತೆರೀತು."

ಸಂಜೆಯೊಳಗೆ ಅವಳನ್ನು ಬಂಧಿಸಿ ಎಂದು ಮೇಲಿನಿಂದ ಆಗಲೇ ಎರಡು ಫೋನ್ ಬಂದಿದ್ದವು. ಬಡಪಾಯಿಯ ಮೇಲೆ ಕೇಸು ಬೇಗ ಗಟ್ಟಿಯಾಗುತ್ತದೆ ಎಂಬುದು ಮೇಲಿನವರ ಅನುಭವ.

1:15ಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ. ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಹೆಸರು, ಸತ್ತವರದು ತೊಂಬತ್ತನೆಯದು. ಯಂತ್ರ ದಿನಕ್ಕೊಮ್ಮೆ, ಬೆಳಿಗ್ಗೆ, ಈ ಪಟ್ಟಿಯನ್ನು ಓದಿಕೊಳ್ಳುತ್ತದೆ. ಅದರ ಪರದೆಯ ಮೇಲೆ: ಬೆಳಿಗ್ಗೆ 7:10, ಓದಿದ ಹೆಸರು ಒಂದು. ಇನ್‌ಸ್ಪೆಕ್ಟರ್ ಎರಡು ಸಲ ಓದಿದರು.

ಆಸ್ಪತ್ರೆಯ ಹಿರಿಯ ಕಂಪ್ಯೂಟರ್ ತಂತ್ರಜ್ಞ ಪಾಠ ಹೇಳುವಂತೆ ಬಿಡಿಸಿ ಹೇಳಿದ. "ಪ್ರತಿ ಸಾಲು ಮುಗಿದಾಗ ಕಣ್ಣಿಗೆ ಕಾಣದ ಗುರುತು ಬೀಳುತ್ತೆ. ಕೆಲವು ಕಂಪ್ಯೂಟರ್ ಒಂದು ಹಾಕ್ತವೆ, ಕೆಲವು ಎರಡು. ಈ ಹಳೇ ಯಂತ್ರಕ್ಕೆ ಎರಡೇ ಬೇಕು. ಎಲ್ಲ ಕಡೆ ಒಂದೇ ಸಾಕು ಅಂತ ಮೂರು ತಿಂಗಳ ಹಿಂದೆ ಆಸ್ಪತ್ರೆ ಸಮಿತಿ ತೀರ್ಮಾನಿಸ್ತು. ಬೇಡ ಅಂತ ಬರೆದುಕೊಟ್ಟೆ, ಕೇಳೋರ್ಯಾರು? ಇವತ್ತು ಇಡೀ ಪಟ್ಟಿ ಒಂದೇ ಸಾಲಾಗಿ ಕಂಡಿದೆ. ಮೊದಲ ಹೆಸರು ಹಿಡ್ಕೊಂಡು ಉಳಿದದ್ದು ಬಿಟ್ಟಿದೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. "ಕಾಣದೇ ಇರೋದನ್ನ ಹೇಗೆ ಜಪ್ತಿ ಮಾಡ್ಲಿ ಮೇಡಂ?"

"ಸುಮ್ನೆ ಬರೀರಿ." ಇನ್‌ಸ್ಪೆಕ್ಟರ್ ತಂತ್ರಜ್ಞನತ್ತ ತಿರುಗಿದರು. "ಹಾಗಾದ್ರೆ ಮೂರು ತಿಂಗಳು ಹೇಗೆ ಓದ್ತು?"

"ಒಂದು ಗುರುತನ್ನ ಎರಡು ಮಾಡಿ ಯಂತ್ರಕ್ಕೆ ಕೊಡೋ ಪ್ರೋಗ್ರಾಂ ಬರೆಸಿದ್ರು. ಕೈ ಕೊಟ್ಟಿರಬೇಕು."

ಕೈ ಕೊಟ್ಟಿರಲಿಲ್ಲ. 3:30ಕ್ಕೆ ಸಿಕ್ಕ ದಾಖಲೆಯಂತೆ 7:02ಕ್ಕೆ ಆ ಪ್ರೋಗ್ರಾಂ ಅನ್ನು ಯಾರೋ ನಿಲ್ಲಿಸಿ, ಸಾವಿನ ಸುದ್ದಿ ಹಬ್ಬಿದ ಮೇಲೆ 9:48ಕ್ಕೆ ಮತ್ತೆ ಚಾಲೂ ಮಾಡಿದ್ದರು. ಪಾಸ್‌ವರ್ಡ್ ಹಿರಿಯ ತಂತ್ರಜ್ಞನದು.

"ಯಾಕ್ರೀ?" ಇನ್‌ಸ್ಪೆಕ್ಟರ್ ದಾಖಲೆಯನ್ನು ತಂತ್ರಜ್ಞನ ಮುಂದಿಟ್ಟರು.

"ಯಂತ್ರ ಪಟ್ಟಿ ಓದಲ್ಲ ಅಂತ ಎಚ್ಚರಿಸಿದ್ದಕ್ಕೆ ಕ್ಯಾಂಟೀನಲ್ಲಿ ಎಲ್ಲರೂ ದಿನಾ ಗೇಲಿ ಮಾಡೋರು, ಪ್ರಳಯ ಎಷ್ಟು ಹೊತ್ತಿಗೆ ಸಾರ್ ಅಂತ. ಎಂಟಕ್ಕೆ ಬರೋ ಔಷಧಿ ವಿಭಾಗದವರು ಪರದೆ ಮೇಲಿನ ಸಂಖ್ಯೆ ನೋಡಿ ಗಾಬರಿ ಬೀಳ್ತಾರೆ, ನನ್ನನ್ನ ಕರೀತಾರೆ ಅಂದ್ಕೊಂಡೆ."

"ಅವರು ನೋಡಲಿಲ್ವಾ?"

"ತೊಂಬತ್ತು ದಿನ ಸರಿಯಾಗೇ ಇತ್ತಲ್ಲ ಮೇಡಂ. ನೋಡೋದು ಬಿಟ್ಟಿದ್ರು."

6:20ಕ್ಕೆ ತಂತ್ರಜ್ಞನ ಬಂಧನ. ನರ್ಸನ್ನು ಮನೆಗೆ ಕಳಿಸಿದರು. ಅವಳು ಇಂಜೆಕ್ಷನ್ ಚುಚ್ಚಿದ ಕೈಯನ್ನೇ ನೋಡಿಕೊಂಡು ಮೆಟ್ಟಿಲಿಳಿದಳು. ವರದಿಯಲ್ಲಿ ಅಪರಾಧದ ಉದ್ದೇಶ ಎಂದಿದ್ದಲ್ಲಿ ಹೆಡ್ ಕಾನ್‌ಸ್ಟೇಬಲ್ 'ದ್ವೇಷ' ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ ಬರೆದರು: ತಾನು ಹೇಳಿದ್ದು ಒಮ್ಮೆಯಾದರೂ ನಿಜವಾಗಲಿ ಎಂಬ ಆಸೆ.