ಹಿಂದಿನ ಕಿಟಕಿ ತೆರೆದಿರಲಿ

“ಬಿಡಬೇಡಿ! ಬಿಟ್ರೆ ಕೂಲರೂ ಹೋಯ್ತು, ನಾನೂ ಹೋದೆ!”

ಮುಂದಿನ ಕಿಟಕಿಯ ಹೊರಗೆ ಏಣಿಯ ಮೇಲೆ ನಿಂತವನು ಕೂಗಿದ. ಒಳಗಿದ್ದವಳು ಆ ತಗಡಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. ಪೆಟ್ಟಿಗೆಯ ಮೇಲಿನ ಸಂದಿಯಲ್ಲಿ ಅವನ ಬೆವೆತ ಮುಖ ಅಷ್ಟೇ ಕಾಣುತ್ತಿತ್ತು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಯಾವ ಗಂಡಸಿನ ಮುಖವನ್ನೂ ಅವಳು ನೋಡಿದವಳಲ್ಲ.

“ಹಿಡಿದಿದ್ದೀನಿ ಕಣ್ರೀ! ಮಾತು ಬಿಟ್ಟು ಬೋಲ್ಟ್ ಹಾಕಿ!”

“ಕೈ ನಡುಗ್ತಿದೆ.”

“ಯಾಕೆ?”

“ನೀವು ಹಾಗೆ ಗುರಾಯಿಸಿದ್ರೆ ಮತ್ತೆ?”

ಅವಳು ಮುಖ ತಿರುಗಿಸಿದಳು. ಆದರೆ ಕೈ ಬಿಡಲಿಲ್ಲ.

ಅವಳು ಆ ಬೀದಿಯ ಟೈಲರ್. ಉದ್ದನೆಯ ಒಂದೇ ಕೋಣೆ. ಮುಂದಿನ ಕಿಟಕಿಯ ಬಳಿ ಹೊಲಿಗೆ ಯಂತ್ರ, ಹಿಂದಿನ ಕಿಟಕಿಯ ಕೆಳಗೆ ಅಪ್ಪನ ಮಂಚ. ಅಪ್ಪ ಆಯುಷ್ಯವೆಲ್ಲ ಒಂದು ಎ.ಸಿ. ಚಿತ್ರಮಂದಿರದ ಬಾಗಿಲು ಕಾದವರು. ಬೀದಿಯವರ ಬಾಯಲ್ಲಿ ಅವರು ಗೇಟಪ್ಪ. ಕೆಲಸ ಬಿಟ್ಟರೂ ಕೈಯ ಚಾಳಿ ಬಿಟ್ಟಿರಲಿಲ್ಲ, ತೆರೆದ ಬಾಗಿಲು ಕಂಡರೆ ಎದ್ದು ಹೋಗಿ ಮುಚ್ಚಿಯೇ ಬರುವರು. ಬೇಸಿಗೆ ಬಂದರೆ ಅವರಿಗೆ ಉಸಿರು ಹಿಡಿಯುತ್ತಿತ್ತು. ಕೋಣೆ ತಂಪಾಗಿರಬೇಕು ಎಂದು ಡಾಕ್ಟರು ಹೇಳಿದ ಮೇಲೆ ಈ ಕೂಲರ್ ಬಂದಿತ್ತು.

ಏಣಿಯ ಮೇಲಿದ್ದವನು ಫಿಟ್ಟರ್, ಹಿಂದಿನ ಓಣಿಯ ಕೂಲರ್ ಅಂಗಡಿಯ ಕೆಲಸದವನು. ಕಬ್ಬಿಣದ ಸ್ಟ್ಯಾಂಡು ಕೂರಿಸಿ, ರಸಮಟ್ಟ ಇಟ್ಟು ಓರೆಯಿಲ್ಲವೆಂದು ನೋಡಿ, ಪೆಟ್ಟಿಗೆಯನ್ನೇನೋ ಸರಿಯಾಗಿಯೇ ನಿಲ್ಲಿಸಿದ. ಮೇಲಿನ ಸಂದಿ ಮುಚ್ಚುವ ಹಲಗೆಯದೇ ತಕರಾರು. ಒಮ್ಮೆ ತಂದದ್ದು ಗಿಡ್ಡವಾಯಿತು. ಮತ್ತೊಮ್ಮೆ ತಂದದ್ದು ಉದ್ದವಾಯಿತು. ಅಳೆಯುವಾಗ ಕಣ್ಣು ಟೇಪಿನ ಮೇಲಿದ್ದರೆ ತಾನೆ!

“ನಾನು ಹೀಗೆ ಅಳತೆ ತಪ್ಪಿದ್ರೆ ಗಿರಾಕಿಗಳು ಅಂಗಿ ನನ್ನ ಮುಖಕ್ಕೆ ಎಸೀತಾರೆ,” ಎಂದಳು ಅವಳು.

“ಎಸೀರಿ. ಹಲಗೆ ಹಗುರ ಇದೆ.”

ಅವಳು ನಕ್ಕುಬಿಟ್ಟಳು. ಆಮೇಲೆ ದಿನವಿಡೀ ಸೂಜಿಗೆ ದಾರ ಪೋಣಿಸುವಾಗಲೆಲ್ಲ ಆ ಮಾತು ನೆನಪಾಗಿ ಕೈ ತಡೆಯುತ್ತಿತ್ತು.

ಕೊನೆಗೊಮ್ಮೆ ಹಲಗೆ ಕೂತಿತು. ಗೇಟಪ್ಪ ಬೀದಿಯ ತುದಿಯಲ್ಲಿ ಹರಟೆಗೆ ಕೂತಿದ್ದರು. ಫಿಟ್ಟರ್ ಅವಳೊಬ್ಬಳಿಗೇ ಕೂಲರ್ ನಡೆಸುವುದನ್ನು ಹೇಳಿಕೊಟ್ಟ.

“ಮೊದಲು ಪಂಪ್ ಹಾಕಿ. ಹುಲ್ಲಿನ ಪ್ಯಾಡ್ ಪೂರ್ತಿ ನೆನೀಲಿ, ಆಮೇಲೆ ಫ್ಯಾನ್. ಅವಸರ ಮಾಡಿದ್ರೆ ಧೂಳು, ಬಿಸಿಗಾಳಿ ಎರಡೂ ಮುಖಕ್ಕೇ ಹೊಡೆಯುತ್ತೆ. ಮತ್ತೆ... ಆ ಹಿಂದಿನ ಕಿಟಕಿ ಒಂಚೂರು ತೆರೆದಿರ್ಬೇಕು. ಒಳಗೆ ಬಂದ ಗಾಳಿಗೆ ಆಚೆ ಹೋಗೋಕೆ ದಾರಿ ಬೇಕು. ಇಲ್ದಿದ್ರೆ ತಂಪಾಗಲ್ಲ, ಬರೀ ಅಂಟಂಟು.”

“ಅಷ್ಟೇ ತಾನೆ?”

“ಅಷ್ಟೇ ಅಲ್ಲ...” ಅವನು ಸ್ಪ್ಯಾನರನ್ನು ಅಂಗೈಯಲ್ಲಿ ಸುಮ್ಮನೆ ತಿರುಗಿಸಿದ. “ನಮ್ಮ ಮಾಲೀಕರು ಬೇರೆ ಊರಲ್ಲಿ ಅಂಗಡಿ ತೆಗೀತಿದ್ದಾರೆ. ನನ್ನನ್ನ ಹೋಗು ಅಂತಿದ್ದಾರೆ. ನೀವು ಇರು ಅಂದ್ರೆ ಇರ್ತೀನಿ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಅವನೇ ತಡೆದ.

“ಈಗ್ಲೇ ಹೇಳ್ಬೇಡಿ. ಎದುರಿಗೇ ಬೇಡ ಅಂದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಆ ಕಿಟಕಿ ನಮ್ಮ ಅಂಗಡಿಗೆ ಕಾಣುತ್ತೆ. ಇವತ್ತು ಸಂಜೆ ತೆರೆದಿದ್ರೆ ನಿಮ್ಮಪ್ಪನ ಹತ್ರ ಮಾತಾಡೋಕೆ ಬರ್ತೀನಿ. ಮುಚ್ಚಿದ್ರೆ... ಮತ್ತೆ ಆ ಮಾತು ಎತ್ತಲ್ಲ.”

ಅವನು ಏಣಿ ಹೆಗಲಿಗೇರಿಸಿಕೊಂಡು ಹೋದ. ಅವನು ಬೀದಿ ತಿರುಗುವ ಮೊದಲೇ ಅವಳು ಮಂಚದ ಮೇಲೆ ಮಂಡಿಯೂರಿ ಕಿಟಕಿ ತೆರೆದಿದ್ದಳು. ಅಪ್ಪ ಕಂಡು ಏನಾದರೂ ಕೇಳಿಯಾರೆಂದು ನಾಚಿ ಪರದೆ ಎಳೆದಳು. ಹೊಲಿದ ಬಟ್ಟೆ ಕೊಡಲು ಪೇಟೆಗೆ ಹೊರಟವಳ ಕಾಲು ನೆಲದ ಮೇಲಿರಲಿಲ್ಲ.

ಅವಳು ಅತ್ತ ಹೋದಳು, ಗೇಟಪ್ಪ ಇತ್ತ ಬಂದರು. ಮಂಚದ ಮೇಲೆ ಕಾಲು ಚಾಚಿದರು. ಓಡುತ್ತಿದ್ದ ಕೂಲರಿನ ಗಾಳಿಗೆ ಪರದೆ ಅಲುಗಿತು.

“ಅಯ್ಯೋ, ತಂಪೆಲ್ಲ ಆಚೆ ಹೋಗ್ತಿದೆಯಲ್ಲ! ಈ ಹುಡುಗಿಗೆ ಬುದ್ಧಿ ಯಾವಾಗ ಬರುತ್ತೋ!”

ಕಿಟಕಿ ಮುಚ್ಚಿ, ಚಿಲಕ ಹಾಕಿ, ಪರದೆಯನ್ನು ಮೊದಲಿನಂತೆಯೇ ಎಳೆದರು.

ಸಂಜೆ ಅವನು ಬರಲಿಲ್ಲ.

ಮರುದಿನವೂ ಬರಲಿಲ್ಲ.

ಅವಳು ಬಾಗಿಲ ಕಡೆ ನೋಡುತ್ತ ಅಂಗಿಯ ಒಂದು ತೋಳನ್ನು ತಿರುಗುಮುರುಗಾಗಿ ಹೊಲಿದಳು. ಬಿಚ್ಚಿದಳು. ಮತ್ತೆ ಅದನ್ನೇ ಹೊಲಿದಳು. ಕೂಲರಿನೊಳಗೆ ನೀರು ತೊಟ್ಟಿಕ್ಕುವ ಸದ್ದು ತಲೆಯೊಳಗೇ ಬೀಳುತ್ತಿತ್ತು. ಹೊರಗೆ ಸೈಕಲ್ಲು ನಿಂತರೆ ಎದ್ದಳು. ಏಣಿ ಸದ್ದಾದರೆ ಎದ್ದಳು. ಸುಣ್ಣ ಬಳಿಯುವವನ ಏಣಿ!

ಪರದೆ ಸರಿಸಿ ಅಂಗಡಿಯ ಕಡೆ ಒಮ್ಮೆ ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ಆದರೆ ಹಾಳು ಬಿಗುಮಾನ... ‘ಕೇಳಿದ್ದು ಅವನು. ಬರಬೇಕಾದವನೂ ಅವನೇ. ನಾನ್ಯಾಕೆ ಇಣುಕಲಿ? ನನ್ನ ಜೊತೆ ಆಟ ಆಡಿದನಾ? ಹಾಗಾದರೆ ಹಲಗೆಯ ಅಳತೆ ತಪ್ಪಿದ್ದೂ ಆಟವೇ?’

ಕೋಣೆಯೂ ಅವಳ ಮನಸ್ಸಿನಂತೆಯೇ ಆಯಿತು. ತಂಪಿಲ್ಲ, ಬರೀ ಅಂಟು. ಬಟ್ಟೆ ಮೈಗೆ ಮೆತ್ತಿಕೊಳ್ಳುತ್ತಿತ್ತು. ಕೆಲವೇ ದಿನಗಳಲ್ಲಿ ಕತ್ತರಿಯ ಬಾಯಿಗೆ ತುಕ್ಕು ಬಂತು. ಅಪ್ಪನ ಉಬ್ಬಸ ಕಡಿಮೆಯಾಗುವ ಬದಲು ಇನ್ನಷ್ಟು ಹೆಚ್ಚಿತು.

“ಆ ಫಿಟ್ಟರ್ ಕೆಟ್ಟ ಮಾಲು ತಗಲಿಸಿದ್ದಾನೆ ಕಣೇ!”

“ಅವರು ಹಾಗೆ ಮಾಡೋರಲ್ಲಪ್ಪ,” ಎಂದು ಥಟ್ಟನೆ ಅಂದವಳು, ಮರುಕ್ಷಣವೇ “ಯಾರಿಗೆ ಗೊತ್ತು, ಮಾಡಿದ್ರೂ ಮಾಡಿರ್ಬಹುದು,” ಎಂದು ಯಂತ್ರ ತುಳಿದಳು.

ಗೇಟಪ್ಪ ಅಂಗಡಿಗೆ ಹೇಳಿ ಕಳಿಸಿದರು. ಬೇರೆ ಯಾರೂ ಇರಲಿಲ್ಲವೇನೋ, ಅವನೇ ಬಂದ. ಮುಖ ಇಳಿದುಹೋಗಿತ್ತು. ಅವಳತ್ತ ನೋಡದೆ ಪ್ಯಾಡ್ ಬಿಚ್ಚಿದ, ಪಂಪ್ ನೋಡಿದ, ರಸಮಟ್ಟ ಇಟ್ಟ, ಎಲ್ಲ ಮತ್ತೆ ಜೋಡಿಸಿ ಕೂಲರ್ ಓಡಿಸಿದ.

“ಎಲ್ಲಾ ಸರಿ ಇದೆ ಯಜಮಾನ್ರೇ. ಇನ್ನು ಏನಾದ್ರೂ ಆದ್ರೆ ಬೇರೆಯವರು ಬರ್ತಾರೆ. ನಾನು ನಾಳೆ ಹೊರಡ್ತಿದ್ದೀನಿ.”

ನಾಳೆ! ಅವಳ ಕಾಲು ಯಂತ್ರದ ಮೇಲೆಯೇ ನಿಂತುಹೋಯಿತು.

“ಹೋಗೋದೇ ಆದ್ರೆ ಯಾಕ್ರೀ ಕೇಳಿದ್ರಿ?” ಮಾತು ಬಾಯಿಂದ ಜಾರಿಯೇ ಹೋಯಿತು.

“ನಾನು ಕೇಳಿದೆ. ನೀವು ಉತ್ತರಾನೂ ಕೊಟ್ರಿ. ಮತ್ತೆ ಅದ್ಯಾಕೆ...”

“ಏನು ಉತ್ತರ? ನೀವು ಹೋದ ತಕ್ಷಣ ಕಿಟಕಿ ತೆರೆದೆ! ಇವತ್ತಿನವರೆಗೂ ತೆರೆದೇ ಇದೆ!”

ಅವನು ನೇರ ಹೋಗಿ ಪರದೆ ಸರಿಸಿದ.

ಮಬ್ಬು ಗಾಜಿನ ಎರಡು ಬಾಗಿಲೂ ಭದ್ರವಾಗಿ ಮುಚ್ಚಿದ್ದವು. ಮೇಲೆ ಚಿಲಕ ಬೇರೆ!

ಅವಳು ಯಂತ್ರ ಬಿಟ್ಟು ಎದ್ದು ಬಂದಳು. “ನಾನಲ್ಲ... ಇಲ್ಲ, ನಾನು ಮುಚ್ಚಿಲ್ಲ...”

“ಮುಚ್ಚಿದ್ದು ನಾನು,” ಎಂದರು ಗೇಟಪ್ಪ ಮಂಚದ ಮೇಲಿಂದ, ಬಹಳ ಒಳ್ಳೆಯ ಕೆಲಸ ಮಾಡಿದವರ ಹಾಗೆ. “ಬಾಗಿಲು ತೆರೆದಿಟ್ಟು ಯಾವ ಥಿಯೇಟರನ್ನ ತಂಪು ಮಾಡಿದ್ದಾರಯ್ಯ? ಒಂದು ಸಂದಿ ಬಿಟ್ರೂ ನಮ್ಮ ಮ್ಯಾನೇಜರ್ ಕಿವಿ ಹಿಂಡೋರು!”

“ಅದು ಎ.ಸಿ. ಯಜಮಾನ್ರೇ... ಇದು ಕೂಲರ್...” ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವನು ಚಿಲಕ ತೆಗೆಯಲು ಕೈಯೆತ್ತಿದ. ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು. “ಇರಿ. ನಾನೇ ತೆಗೀಬೇಕು.”

ಕಿಟಕಿ ತೆರೆಯಿತು. ಪರದೆ ಹೊರಕ್ಕೆ ಉಬ್ಬಿತು. ನೆನೆದ ಹುಲ್ಲಿನ ವಾಸನೆ ಹೊತ್ತ ಗಾಳಿ ಕೋಣೆಯ ಉದ್ದಕ್ಕೂ ಹರಿದು ಬಂತು. ಮೇಜಿನ ಮೇಲಿನ ಅಳತೆ ಬರೆದ ಕಾಗದಗಳು ಹಾರಿ ನೆಲ ತುಂಬಿದವು. ಗೇಟಪ್ಪ ಒಂದು ಉದ್ದನೆಯ ಉಸಿರೆಳೆದರು. ಇನ್ನೊಂದು ಎಳೆದರು.

“ಓಹೋ... ಹೀಗೋ!” ಎಂದವರು, ಇಬ್ಬರ ಮುಖವನ್ನೂ ಸರದಿಯಂತೆ ನೋಡಿದರು. ಕತ್ತಲಲ್ಲಿ ಜೋಡಿಗಳನ್ನು ಸೀಟಿಗೆ ಕೂರಿಸಿದವರ ಕಣ್ಣು, ಸುಳ್ಳು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. “ಅಂದ್ರೆ, ಈ ಕಿಟಕಿಯಲ್ಲಿ ಬರೀ ಗಾಳಿ ಓಡಾಡ್ತಿರ್ಲಿಲ್ಲ ಅನ್ನಿ.”

ಫಿಟ್ಟರ್ ಸ್ಪ್ಯಾನರ್ ಕೆಳಗಿಟ್ಟ. “ಯಜಮಾನ್ರೇ, ನಿಮ್ಮ ಮಗಳನ್ನ ನಾನು...”

“ಅವಳು ಕಿಟಕಿ ತೆರೆದಾಯ್ತು. ನನ್ನನ್ನೇನು ಕೇಳ್ತೀಯ? ಆಯಸ್ಸೆಲ್ಲ ಬಾಗಿಲು ಹಾಕಿದ್ದಾಯ್ತು, ಇದೊಂದನ್ನ ಹಾಕಲ್ಲ ಹೋಗು.” ಗೇಟಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಬಂದಿರಲಿಲ್ಲ, ಆದರೂ ಗೊರಕೆ ಹೊಡೆದರು.

ಅವಳು ನೆಲದ ಮೇಲಿನ ಕಾಗದ ಆರಿಸತೊಡಗಿದಳು. ಅವನೂ ಕೂತು ಆರಿಸಿದ. ಕಾಗದ ಮತ್ತೆ ಮತ್ತೆ ಹಾರುತ್ತಿತ್ತು.

“ನಾಳೆ...?” ಎಂದಳು ಮೆಲ್ಲಗೆ.

“ಮಾಲೀಕರು ಬೈತಾರೆ. ಬೈಲಿ. ಇನ್ಯಾರನ್ನಾದ್ರೂ ಕಳಿಸ್ತಾರೆ.”

“ನಾನಿನ್ನೂ ಇರು ಅಂತ ಬಾಯಿಬಿಟ್ಟು ಹೇಳೇ ಇಲ್ಲ.”

“ಹೌದಲ್ಲ! ಹಾಗಾದ್ರೆ ಹೇಳಿ.”

ಅವಳು ಕಾಗದ ಹಿಡಿದಿದ್ದ ಅವನ ಕೈಯನ್ನು, ಕಾಗದದ ಸಮೇತ, ಎರಡೂ ಕೈಯಿಂದ ಅವುಚಿ ಹಿಡಿದಳು. ಮೊದಲ ದಿನ ಕೂಲರನ್ನು ಹಿಡಿದ ಹಾಗೆಯೇ.

“ಅವತ್ತು ಏಣಿ ಮೇಲಿಂದ ಏನೋ ಕೂಗಿದ್ರಲ್ಲ...”

“ಬಿಡಬೇಡಿ ಅಂದಿದ್ದೆ.”

“ಹೂಂ... ಬಿಡಲ್ಲ.”