ಹಾಲುಹಲ್ಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮಕ್ಕಳ ಆಸ್ಪತ್ರೆಯ ಮೆದುಳು ತಜ್ಞೆ ಠಾಣೆಗೆ ಬಂದು ದೂರು ಕೊಟ್ಟರು. ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಹದಿಮೂರರ ಹುಡುಗನೊಬ್ಬನ ಸ್ಕ್ಯಾನ್ ಬದಲಾಗಿತ್ತು. ಕಳೆದ ವರ್ಷ ತೆಗೆದ ಚಿತ್ರದಲ್ಲಿ ಅವರೇ ಕಂಡಿದ್ದ ಗಾಯ ಈಗ ಕಂಪ್ಯೂಟರಿನಿಂದ ಮಂಗಮಾಯ.

"ವಾಸಿಯಾಗಿರಬಹುದಲ್ವಾ ಡಾಕ್ಟ್ರೇ?" ಇನ್‌ಸ್ಪೆಕ್ಟರ್ ಕೇಳಿದರು.

"ಹಳೇ ಚಿತ್ರದಲ್ಲಿ ಹೇಗೆ ವಾಸಿಯಾಗತ್ತೆ ಸಾರ್? ಇದನ್ನ ನಂಬಿದ್ರೆ ಅವನ ಫಿಟ್ಸ್ ಮಾತ್ರೆ ನಿಲ್ಲಿಸಿಬಿಡ್ತಿದ್ದೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಕ್ಯಾನ್ ಕೋಣೆಯಲ್ಲಿ ಪಂಚನಾಮೆ. ಮಕ್ಕಳ ಭಯ ಕಳೆಯಲೆಂದು ಗೋಡೆಗೆ ಬಣ್ಣದ ಮೀನುಗಳನ್ನು ಅಂಟಿಸಿದ್ದರು. ಮುಖ್ಯಪೇದೆ ಪರದೆಗೆ ಮೂಗು ತಾಗಿಸಿ, "ನನಗೆ ಎಲ್ಲಾ ಹೂಕೋಸು ಕಂಡಂಗೆ ಕಾಣತ್ತೆ" ಎಂದ. ತಜ್ಞೆ ಹುಡುಗನ ಹೆಸರಿದ್ದ ಚಿತ್ರದ ದವಡೆಯತ್ತ ಬೆರಳು ತೋರಿದರು. ಹಾಲುಹಲ್ಲುಗಳ ಕೆಳಗೆ, ದವಡೆಯ ಮೂಳೆಯೊಳಗೆ, ಮುಂದಿನ ಹಲ್ಲುಗಳು ಸಾಲಾಗಿ ಕಾದಿದ್ದವು. ಅದು ಐದರ ಮಗುವಿನ ಬಾಯಿ.

ಆ ವಯಸ್ಸಿನ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ತೆರೆದರು. ಒಂದರಲ್ಲಿ ಮಾತ್ರ ದೊಡ್ಡ ಹಲ್ಲುಗಳಿದ್ದವು, ಕಾಣೆಯಾದ ಗಾಯವೂ ಅಲ್ಲೇ ಇತ್ತು. ಮೇಲಿದ್ದ ಹೆಸರು ಸ್ಕ್ಯಾನ್ ತೆಗೆಯುವ ಟೆಕ್ನಿಷಿಯನ್ನನ ಮಗಳದು. ನಾಲ್ಕು ವರ್ಷದ ಹಿಂದೆ ಜಾರುಬಂಡೆಯಿಂದ ಬಿದ್ದವಳು.

ಅವನು ಮೂಲೆಯಲ್ಲೇ ನಿಂತಿದ್ದ.

"ನೀನೇನಾ?" ಇನ್‌ಸ್ಪೆಕ್ಟರ್ ಅವನತ್ತ ತಿರುಗಿದರು.

"ಹೂಂ ಸಾರ್."

"ಹಲ್ಲು ನೋಡ್ಲಿಲ್ವಾ?"

"ಮೆದುಳು ನೋಡೋ ಕೆಲಸ ನಮ್ದು. ಹಲ್ಲಿನ ಕಡೆ ಕಣ್ಣೇ ಹೋಗಲ್ಲ."

"ಯಾಕೆ ಮಾಡ್ದೆ?"

"ಮಗಳಿಗೆ ಹೇಳಿದ್ದು ತಲೇಲಿ ನಿಲ್ಲಲ್ಲ ಸಾರ್. ಪಕ್ಕದಲ್ಲಿ ಕೂತು ಕಲಿಸೋ ಟೀಚರ್ ಬೇಕಂದ್ರೆ ಸ್ಕ್ಯಾನಲ್ಲಿ ಗಾಯ ತೋರ್ಸಿ ಅಂದ್ರು ಶಾಲೆಯವ್ರು. ಅವಳದು ಕ್ಲೀನಾಗಿತ್ತು. ಆ ಸ್ಕ್ಯಾನ್ ಮಾಡಿದವನೂ ನಾನೇ. ಅದಕ್ಕೇ ಈ ಹುಡುಗನ ಚಿತ್ರದ ಜೊತೆ ಅದಲುಬದಲು ಮಾಡ್ದೆ."

"ಈ ಹುಡುಗನಿಗೆ ಏನಾದ್ರೂ ಆಗಿದ್ರೆ?"

ತಜ್ಞೆಯ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. "ಎಲ್ಲಾ ಪೆಟ್ಟೂ ಈ ಚಿತ್ರದಲ್ಲಿ ಕಾಣಲ್ಲಪ್ಪ. ನೆನಪಿನ ಪರೀಕ್ಷೆ ಮಾಡಿ ನಾನೇ ಬರ್ಕೊಡ್ತಿದ್ದೆ. ಒಂದು ಮಾತು ಕೇಳಬಾರದಿತ್ತಾ?"

"ಚಿತ್ರ ಕ್ಲೀನಿದೆ, ಸೋಮಾರಿ ಅಂತ ಹೊಡೀತಿದ್ದೆ ಡಾಕ್ಟ್ರೇ." ಅವನು ತನ್ನ ಅಂಗೈ ನೋಡಿಕೊಂಡ. "ಒಂದಿನ ಹೊಡೆದಿದ್ದೂ ಮರೆತು ಬಂದು ತಬ್ಕೊಂಡ್ಲು. ಅವತ್ತೇ ಗೊತ್ತಾಗಿದ್ದು."

ಸಂಜೆ ಐದಕ್ಕೆ ಬಂಧನ. ಹೆಂಡತಿ ಮಗಳನ್ನು ಕರೆದುಕೊಂಡು ಠಾಣೆಗೆ ಬಂದಳು.

"ಅಪ್ಪಾ, ಮನೆಗೆ ಯಾವಾಗ ಬರ್ತೀಯ?"

"ಬೇಗ ಬರ್ತೀನಿ ಪುಟ್ಟಿ."

ಬೆಂಚಿನ ಮೇಲೆ ಕಾಲಾಡಿಸುತ್ತ ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಅದನ್ನೇ ಕೇಳಿದಳು. ಮೂರನೇ ಸಲ ಕೇಳಿದಾಗಲೂ ಅವನು ಈಗಷ್ಟೇ ಕೇಳಿಸಿಕೊಂಡವನಂತೆ ಅವಳ ಕೆನ್ನೆ ಸವರಿ, ಬೇಗ ಬರ್ತೀನಿ ಎಂದ.