ಹುಣಸೆಹಣ್ಣಿನಲ್ಲಿ ಬೆಳಗಿದ ರೈಫಲ್

"ನಿಲ್ಲು ನಿಶಾ!... ಆ ಸಲಾಕೆ ಕೆಳಗಿಡು!"

ಅತ್ತೆ ಕುಸುಮಾವತಿಯ ಕೂಗಿಗೆ ನಿಶಾ ಸಲಾಕೆಯನ್ನು ಥಟ್ಟನೆ ಕೆಳಗಿಟ್ಟಳು. ನಾಳೆ ಆಯುಧಪೂಜೆ. ಎಡಪ್ಪಳ್ಳಿಯಿಂದ ಉಳ್ಳೂರಿನ ಅತ್ತೆಮನೆಗೆ ಹಬ್ಬಕ್ಕೆ ಬಂದವಳು, ದೀಪಗಳನ್ನು ಬೆಳಗಿದ ಕೈಯಲ್ಲೇ ನಾದಿನಿ ಅಪೂರ್ವಾಳ ರೈಫಲ್ಲನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದಳು! ನಳಿಗೆಯ ಒಳಗನ್ನೂ ಒರೆಸಲು ಮೂತಿಯಿಂದ ಸಲಾಕೆ ತೂರಿಸಹೊರಟಿದ್ದಳು. ಮೂತಿಯ ಬಳಿ ಕಡುನೀಲಿ ಬಣ್ಣವೆಲ್ಲ ಹೋಗಿ ಕಬ್ಬಿಣ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಹಬ್ಬ ಮುಗಿದೊಡನೆ ಅಪೂರ್ವಾಳಿಗೆ ರಾಜ್ಯದ ಶೂಟಿಂಗ್ ತಂಡದ ಆಯ್ಕೆ ಸ್ಪರ್ಧೆ. ಒಂದು ಕಾಲದ ಗುರಿಗಾರ್ತಿ ಅತ್ತೆ ಆ ರೈಫಲ್ಲಿನ ಹತ್ತಿರ ಸೊಸೆಯನ್ನು ಈವರೆಗೆ ಸುಳಿಯಗೊಟ್ಟಿರಲಿಲ್ಲ. ಒಂದು ಸಲವಾದರೂ ಭೇಷ್ ಅನ್ನಿಸಿಕೊಳ್ಳೋಣವೆಂದು ಹೊರಟವಳ ಗತಿ ನೋಡಿ!

"ಅತ್ತೆ, ನಾನು... ಹೊಳೆಯಲಿ ಅಂತ..." ನಿಶಾ ಬಿಕ್ಕಿದಳು.

ಓಡಿಬಂದ ಅಪೂರ್ವಾ ನೋಡಿ ಬೆಚ್ಚಿದರೂ, "ಸಾರಮಿಲ್ಲ ಚೇಚ್ಚಿ, ಪರವಾಗಿಲ್ಲ ಅಕ್ಕ, ಅಳಬೇಡಿ," ಎಂದು ಹೆಗಲು ಹಿಡಿದಳು.

"ಬಣ್ಣ ಹೋದ್ರೆ ಮತ್ತೆ ಹಾಕಿಸಬಹುದು," ಎಂದರು ಕುಸುಮಾವತಿ. "ಮೂತಿಯಿಂದ ಸಲಾಕೆ ತುರುಕಿ ಅದರ ಅಂಚು ಸವೆದಿದ್ರೆ? ಗುರಿಯೇ ತಪ್ಪಿಹೋಗ್ತಿತ್ತು ಕಣೆ! ಗುಂಡು ಹೋಗೋ ದಾರೀಲೇ ಸಲಾಕೆಯೂ ಹೋಗ್ಬೇಕು, ಹಿಂದಿನಿಂದ ಮುಂದಕ್ಕೆ."

ಒಳಗೆ ಗುಂಡಿಲ್ಲವೆಂದು ಗೊತ್ತಿದ್ದೂ ಅವರು ಮತ್ತೊಮ್ಮೆ ನೋಡಿದರು. ಹುಳಿಯನ್ನು ಒರೆಸಿ, ಒಣಗಿಸಿ, ಸಲಾಕೆಗೆ ಬಟ್ಟೆ ಸಿಕ್ಕಿಸಹೋದರು. ಬಟ್ಟೆ ಜಾರಿತು. ಮತ್ತೆ ಜಾರಿತು. ಅಯ್ಯೋ... ಅತ್ತೆಯ ಕೈ ಗಡಗಡ ನಡುಗುತ್ತಿದೆ! ಬಾಗಿಲು ಹಾಕಿಕೊಂಡು ಒಬ್ಬರೇ ರೈಫಲ್ ಒರೆಸುತ್ತಿದ್ದುದು ಇದಕ್ಕೇ ಏನು?

"ನಡುಗೋ ಕೈ ಸಲಾಕೇನ ಒಳಗೆ ತಾಗಿಸಿ ಗೀರುತ್ತೆ." ಅತ್ತೆಯ ದನಿ ಕುಸಿಯಿತು. "ನೀನೇ ಹಿಡಿ... ಮೆಲ್ಲಗೆ."

ನಿಶಾ ಉಸಿರು ಬಿಗಿಹಿಡಿದು, ಹಿಂದಿನಿಂದ ಬಟ್ಟೆಯನ್ನು ನೇರವಾಗಿ ದಾಟಿಸಿದಳು.

"ಈಗ ಕಿಟಕಿ ಕಡೆ ಹಿಡಿದು, ಹಿಂದಿನಿಂದ ನಳಿಗೆಯೊಳಗೆ ನೋಡು."

ನೋಡಿದಳು. ಅಬ್ಬಾ! ಶಂಖದ ಒಳಸುಳಿಯ ಹಾಗೆ ಬೆಳಕು ಸುತ್ತಿ ಸುತ್ತಿ ಆಚೆಯ ಪುಟ್ಟ ಆಕಾಶದವರೆಗೆ ಹೋಗಿತ್ತು. ಒಂದು ಗೀರೂ ಇರಲಿಲ್ಲ. ಇಷ್ಟು ಚೆಲುವನ್ನು ಈ ಒರಟು ಹೆಂಗಸು ಇಷ್ಟು ವರ್ಷ ನಡುಗುವ ಕೈಯಲ್ಲಿ ಕಾಯ್ದಿದ್ದರೇ!

ಮರುದಿನ ಪೂಜೆಯಲ್ಲಿ ಸ್ಕೂಟರಿಗೆ, ಕತ್ತರಿಗೆ, ಈಳಿಗೆಮಣೆಗೆ ಕುಂಕುಮವಾಯಿತು. ತೆಳುವಾಗಿ ಎಣ್ಣೆ ಸವರಿದ ರೈಫಲ್ಲಿನ ಮುಂದೆ ಅತ್ತೆಯ ಬೆರಳು ನಿಂತಿತು.

"ಇದಕ್ಕೆ ಇಡಲ್ಲ. ಒದ್ದೆ ಕುಂಕುಮಕ್ಕೆ ತುಕ್ಕು ಹಿಡಿಯುತ್ತೆ. ಇನ್ಮೇಲೆ ಇದನ್ನ ಒರೆಸೋದು ನಿನ್ನ ಕೈ, ಅದನ್ನ ಕೊಡು."

ನಿಶಾ ಅಂಗೈ ಚಾಚಿದಳು. ಬೆರಳು ನಡುಗಿ ಬೊಟ್ಟು ಉದ್ದಕ್ಕೆ ಹರಡಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.